ಈಶಾನ್ಯದ ಚುಕ್ಕೆ

ಅಪ್ಪನಿಗೆ ನನ್ನ ಆಕಾಶದ ಮೇಲೆ ಇದ್ದ ತಕರಾರು ಒಂದೇ. ಅದರಲ್ಲಿ ಪೂರ್ವ ಎಡಗಡೆ ಇತ್ತು.

ಪಿಎಚ್.ಡಿ.ಗೆ ಸೇರಿದ ಎರಡನೇ ವರ್ಷ, ನಾನು ಕೆಲಸ ಮಾಡುತ್ತಿದ್ದ ಗ್ಯಾಲಕ್ಸಿಗಳ ಚಿತ್ರವೊಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮನೆಗೆ ತಂದಿದ್ದೆ. ಪಿಲ್ಲಗುಂಪೆ ಕಾರ್ಖಾನೆಗಳ ಸೈರನ್ ಕೇಳಿಸುವಷ್ಟು ಹತ್ತಿರ ನಮ್ಮೂರು. ಅಲ್ಲಿಂದ ದಿನಾ ಬಸ್ಸು ಹಿಡಿದು ಬೆಂಗಳೂರಿನ ಸಂಸ್ಥೆಗೆ ಹೋಗಿಬರುತ್ತಿದ್ದೆ. ಅಲ್ಲಿ ಏನು ಮಾಡುತ್ತೀಯ ಎಂದು ಮನೆಯವರು ಕೇಳುವುದೂ ನಾನು ಹೇಳುವುದೂ ಎರಡೂ ಸಾಕಾಗಿ, ತೋರಿಸಿಯೇಬಿಡೋಣ ಎಂದುಕೊಂಡೆ. ಅಪ್ಪ ಕನ್ನಡಕ ಹಾಕಿಕೊಂಡು ಊಟ ಆರಿಹೋಗುವ ತನಕ ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ. ಉತ್ತರ ಯಾವ ಕಡೆ ಎಂದು ಕೇಳಿದರು. ಮೇಲೆ, ಎಂದೆ. ಹಾಗಾದರೆ ಪೂರ್ವ? ಎಡಕ್ಕೆ, ಎಂದೆ.

"ಉತ್ತರ ಮೇಲಿದ್ರೆ ಪೂರ್ವ ಬಲಕ್ಕೆ ಬರ್ಬೇಕು ಕಣಮ್ಮಾ," ಎಂದರು. "ಯಾವ ಸರ್ವೇಯರ್ ಮಾಡಿದ್ ನಕ್ಷೆ ಇದು?"

ಅಪ್ಪನಿಗೆ ದಿಕ್ಕು ಎಂದರೆ ಆಟದ ಮಾತಲ್ಲ. ಊರಿನಲ್ಲಿ ಯಾರೇ ಜಮೀನು ಭಾಗ ಮಾಡಿಕೊಂಡರೂ, ಯಾರಿಗೇ ಹಳೇ ಕ್ರಯಪತ್ರ ಓದಿಸಿಕೊಳ್ಳಬೇಕಾಗಿದ್ದರೂ ನಮ್ಮ ಜಗಲಿಗೇ ಬರುತ್ತಾರೆ. ಪತ್ರದಲ್ಲಿ ಚೆಕ್ಕುಬಂದಿ ಎಂದು ಇರುತ್ತದಲ್ಲ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಓಣಿ, ಉತ್ತರಕ್ಕೆ ಯಾವ ಕೆರೆ ಏರಿ ಅಂತ, ಅದನ್ನು ಅಪ್ಪ ಒಮ್ಮೆ ಓದಿದರೆ ಮುಗಿಯಿತು, ಕಣ್ಣು ಮುಚ್ಚಿಕೊಂಡು ಹೋಗಿ ಕಲ್ಲು ನೆಡಬಲ್ಲರು. ಕೈಗಾರಿಕಾ ಪ್ರದೇಶಕ್ಕೆ ನಮ್ಮ ಹೊಲದ ಅರ್ಧ ಹೋದಾಗ ಅಳೆಯಲು ಬಂದವರ ಸರಪಳಿ ಎರಡು ಸಲ ತಪ್ಪಿದ್ದನ್ನು ತೋರಿಸಿಕೊಟ್ಟವರು ಅವರೇ. ಇಂಥವರ ಮುಂದೆ ಎಡಗಡೆಯ ಪೂರ್ವವನ್ನು ತಂದಿಟ್ಟಿದ್ದೆ.

ನಾನು ಬಿಡಿಸಿ ಹೇಳಿದೆ. ನೆಲದ ನಕ್ಷೆಯನ್ನು ಮೇಲಿನಿಂದ ಕೆಳಗೆ ನೋಡಿ ಬರೆಯುತ್ತಾರೆ, ಆಕಾಶವನ್ನು ನಾವು ಕೆಳಗಿನಿಂದ ಮೇಲಕ್ಕೆ ನೋಡುತ್ತೇವೆ, ಅದಕ್ಕೇ ಎಡಬಲ ಅದಲುಬದಲು. ಅನುಮಾನವಿದ್ದರೆ ಉತ್ತರಕ್ಕೆ ತಲೆ ಹಾಕಿ ಅಂಗಾತ ಮಲಗಿ ನೋಡಪ್ಪಾ, ಪೂರ್ವ ನಿನ್ನ ಎಡಗೈ ಕಡೆಗೇ ಬರುತ್ತದೆ ಎಂದೆ. ಜಗಲಿಯ ಮೇಲೆ ಚಾಪೆಯನ್ನೂ ಹಾಸಿಬಿಟ್ಟೆ.

ಅಪ್ಪ ಚಾಪೆ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಉತ್ತರಕ್ಕೆ ತಲೆ ಹಾಕ್ಕೊಂಡು ಮಲಗೋದಾ? ನಾನಿನ್ನೂ ಬದುಕಿದೀನಿ."

ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಅಷ್ಟಕ್ಕೇ ಎದ್ದು ಬಂದು, ಓದಿ ಓದಿ ನಿನಗೆ ಬುದ್ಧಿ ಕೆಟ್ಟಿದೆ, ಹೆತ್ತವರಿಗೆ ಹೆಣ ಮಲಗಿಸುವ ದಿಕ್ಕಿಗೆ ಮಲಗು ಅನ್ನುತ್ತಾರಾ ಎಂದು ಉಗಿದು, ಚಾಪೆ ಸುತ್ತಿಟ್ಟು ಹೋದಳು. ಭೌತವಿಜ್ಞಾನ ಅಲ್ಲಿಗೆ ಮುಗಿಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ. ಸರಿ, ನಿಮಗೆ ಹೇಗೆ ಬೇಕೋ ಹಾಗೇ ಇರಲಿ ಎಂದು ಕಂಪ್ಯೂಟರಿನಲ್ಲಿ ಆ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿ, ಪೂರ್ವವನ್ನು ಬಲಕ್ಕೆ ತಂದು, ಇನ್ನೊಂದು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಅಪ್ಪ ಸಮಾಧಾನವಾಗಿ ನಾಲ್ಕೂ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಪೂ, ಪ, ಉ, ದ ಎಂದು ಬರೆದರು. ಮಗುಚಿದ ಚಿತ್ರ ನನ್ನ ಲ್ಯಾಪ್‌ಟಾಪಿನಲ್ಲಿ ಮೂಲ ಚಿತ್ರದ ಪಕ್ಕದಲ್ಲೇ, ಹೆಚ್ಚುಕಮ್ಮಿ ಅದೇ ಹೆಸರಿನಲ್ಲಿ ಉಳಿದುಕೊಂಡಿತು.

ಆ ಚಿತ್ರದಲ್ಲಿ ಇರುವುದೇನೆಂದು ಹೇಳಿಬಿಡುತ್ತೇನೆ. ನಡುವೆ ಹಳದಿ ಬಣ್ಣದ ನೂರಾರು ಗ್ಯಾಲಕ್ಸಿಗಳ ಗುಂಪು ಇದೆ. ಒಂದೊಂದು ಗ್ಯಾಲಕ್ಸಿಯೂ ಕೋಟ್ಯಂತರ ನಕ್ಷತ್ರಗಳ ಒಂದೊಂದು ಊರು. ಈ ಗುಂಪು ಎಷ್ಟು ಭಾರವೆಂದರೆ, ಅದರ ಹಿಂದೆ, ಬಹಳ ಬಹಳ ದೂರದಲ್ಲಿರುವ ಇನ್ನೊಂದು ಗ್ಯಾಲಕ್ಸಿಯ ಬೆಳಕು ನಮ್ಮ ಕಡೆ ಬರುವಾಗ ಇದರ ಪಕ್ಕದಲ್ಲಿ ಹಾದು ಬಾಗುತ್ತದೆ. ಒಂದಿಷ್ಟು ಬೆಳಕು ಈ ಕಡೆಯಿಂದ, ಒಂದಿಷ್ಟು ಆ ಕಡೆಯಿಂದ ಬಾಗಿ ಬರುವುದರಿಂದ ಹಿಂದಿನ ಒಂದೇ ಗ್ಯಾಲಕ್ಸಿ ನಮಗೆ ಎರಡು ಮೂರು ಕಡೆ ಕಾಣುತ್ತದೆ. ಎಳೆದು ಹಿಗ್ಗಿಸಿದಂತೆ, ದೊಡ್ಡದಾಗಿಯೂ ಕಾಣುತ್ತದೆ. ದೇವರೇ ಹಿಡಿದ ಭೂತಗನ್ನಡಿ ಎಂದು ಅಮ್ಮನಿಗೆ ಹೇಳಿದ್ದೆ. ಈ ಭೂತಗನ್ನಡಿ ಇಲ್ಲದಿದ್ದರೆ ಅಷ್ಟು ಮಸುಕಾದ ಗ್ಯಾಲಕ್ಸಿ ಯಾವ ದೂರದರ್ಶಕಕ್ಕೂ ಸಿಗುತ್ತಿರಲಿಲ್ಲ. ನನ್ನ ಗ್ಯಾಲಕ್ಸಿ ಪುಟ್ಟದು, ನೀಲಿ, ಒಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಲೇ ಇರುವಂಥದು. ಈ ಜಗತ್ತು ಎಳೆಯದಾಗಿದ್ದಾಗ ನಕ್ಷತ್ರಗಳು ಹೇಗೆ ಹುಟ್ಟುತ್ತಿದ್ದವು ಎಂದು ನೋಡಬೇಕಾದರೆ ಇಂಥವನ್ನೇ ನೋಡಬೇಕು.

ಇದನ್ನೆಲ್ಲ ಹೇಳಿದಾಗ ಅಪ್ಪ ಹುಬ್ಬು ಗಂಟಿಕ್ಕಿದರು. ಒಂದೇ ಜಮೀನಿಗೆ ಮೂರು ಪಹಣಿ ಅಂದ ಹಾಗಾಯಿತಲ್ಲ, ಇದರಲ್ಲಿ ಏನೋ ಮೋಸವಿದೆ ಎಂದರು. ಮೋಸವಲ್ಲ, ಮೂರೂ ಒಂದೇ ಎಂದು ತೋರಿಸುವುದೇ ನನ್ನ ಕೆಲಸ ಎಂದೆ. ಹಾಗಾದರೆ ತೋರಿಸು ಎಂದರು.

ತೋರಿಸುವುದೇ ಕಷ್ಟವಾಗಿತ್ತು. ಎರಡು ಬಿಂಬಗಳು ಮೊದಲೇ ಗೊತ್ತಿದ್ದವು. ಬೇರೆಯವರು ಅವುಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿ, ಎರಡೂ ಒಂದೇ ದೂರದಲ್ಲಿವೆ, ಎರಡೂ ಒಂದೇ ಎಂದು ತೀರ್ಮಾನಿಸಿದ್ದರು. ಗುಂಪಿನ ಭಾರ ಎಲ್ಲೆಲ್ಲಿ ಎಷ್ಟೆಷ್ಟು ಹರಡಿದೆ ಎಂದು ನಾನು ಎರಡು ವರ್ಷ ಕೂತು ಲೆಕ್ಕ ಹಾಕಿದೆ. ಆ ಲೆಕ್ಕ ಇನ್ನೊಂದು ಮಾತು ಹೇಳಿತು: ಮೂರನೆಯ ಬಿಂಬ ಒಂದು ಇರಲೇಬೇಕು, ಅದೂ ಇಂಥ ಜಾಗದಲ್ಲೇ. ಹೋಗಿ ನೋಡಿದರೆ ಆ ಜಾಗದಲ್ಲಿ ಉಗುರಿನ ಚೂರಿನಂಥ ಒಂದು ಮಸುಕು ಚುಕ್ಕೆ ಇತ್ತು. ಯಾರೂ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆ ದಿನ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗೋಡೆಯ ಚಿತ್ರದ ಮೇಲೆ ಒಂದು, ಎರಡು, ಮೂರು ಎಂದು ಕೆಂಪು ಸುತ್ತು ಹಾಕಿದೆ. ಹಾಕಿ ಕುಣಿದೆ. ಅಮ್ಮ ದೃಷ್ಟಿ ತೆಗೆದಳು.

ನಮ್ಮ ಸಂಸ್ಥೆಯ ಕಮಿಟಿ ಮಾತ್ರ ಕುಣಿಯಲಿಲ್ಲ. ವರ್ಷಕ್ಕೊಮ್ಮೆ ನಮ್ಮ ಕೆಲಸ ಪರೀಕ್ಷಿಸುವ ನಾಲ್ಕು ಜನರ ಕಮಿಟಿ ಅದು. ಅದರಲ್ಲಿ ಒಬ್ಬರು ಹಿರಿಯರು, ಮಾತು ಕಡಿಮೆ, ಆಡಿದರೆ ಚುಚ್ಚು. ಆಕಾಶದಲ್ಲಿ ಮಸುಕು ಚುಕ್ಕೆಗಳಿಗೆ ಬರವೇ, ಎಲ್ಲಿ ಬೆರಳಿಟ್ಟರೂ ಒಂದು ಸಿಗುತ್ತದೆ, ಅದು ನಿಮ್ಮದೇ ಎನ್ನುವುದಕ್ಕೆ ಏನು ಗುರುತು ಎಂದು ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು. ಸಿಟ್ಟು ಬಂದದ್ದು ಅದಕ್ಕೇ.

ಆ ಚುಕ್ಕೆ ನನ್ನದಲ್ಲ ಎಂದಾದರೆ ನನ್ನ ಭಾರದ ಲೆಕ್ಕ ಸುಳ್ಳು. ಭಾರದ ಲೆಕ್ಕ ಸುಳ್ಳಾದರೆ ಭೂತಗನ್ನಡಿ ಎಷ್ಟು ಪಟ್ಟು ಹಿಗ್ಗಿಸಿದೆ ಎನ್ನುವುದು ಸುಳ್ಳು, ಆ ಗ್ಯಾಲಕ್ಸಿಯೊಳಗೆ ಎಷ್ಟು ನಕ್ಷತ್ರ ಹುಟ್ಟುತ್ತಿವೆ ಎನ್ನುವುದೂ ಸುಳ್ಳು. ಥೀಸಿಸ್ಸಿನಲ್ಲಿ ಮುನ್ನುಡಿ ಮಾತ್ರ ಉಳಿಯುತ್ತದೆ. ನನ್ನ ಫೆಲೋಶಿಪ್ಪಿನ ಕೊನೆಯ ವರ್ಷ ಬೇರೆ ಶುರುವಾಗಿತ್ತು. ಎಲ್ಲವೂ ಆ ಒಂದು ಚುಕ್ಕೆಯ ಮೇಲೆ ನಿಂತಿತ್ತು.

ನಮ್ಮ ಗೈಡ್ ಮೇಡಂ ಒಂದು ದಾರಿ ಹುಡುಕಿದರು. ಭೂಮಿಯ ಆ ಬದಿಯಲ್ಲಿ, ಬೆಟ್ಟದ ಮೇಲೆ ಒಂದು ಬಹು ದೊಡ್ಡ ದೂರದರ್ಶಕವಿದೆ. ಅರ್ಜಿ ಹಾಕಿದರೆ, ಒಪ್ಪಿಗೆಯಾದರೆ, ಅಲ್ಲಿನವರೇ ನಮಗಾಗಿ ಒಂದೆರಡು ಗಂಟೆ ನೋಡಿ ಕಳಿಸುತ್ತಾರೆ. ಅಲ್ಲಿ ರಾತ್ರಿಯಾದಾಗ ನಮಗೆ ಹಗಲು. ದೂರದರ್ಶಕಕ್ಕೆ ಜೋಡಿಸಿದ ಉಪಕರಣದಲ್ಲಿ ಸ್ಲಿಟ್ ಎಂದು ಒಂದು ಉದ್ದನೆಯ, ಬಲು ಸಪೂರವಾದ ಸೀಳು ಇರುತ್ತದೆ. ಆ ಸೀಳಿನೊಳಗೆ ಬಿದ್ದ ಬೆಳಕು ಮಾತ್ರ ಬಣ್ಣಗಳಾಗಿ ಬಿಡಿಸಿಕೊಳ್ಳುತ್ತದೆ. ಹೊಸ ನಕ್ಷತ್ರಗಳ ಕಾವಿಗೆ ಹೊಳೆಯುವ ಹೈಡ್ರೋಜನ್ ಯಾವ ಬಣ್ಣದ ಜಾಗದಲ್ಲಿ ಗೆರೆ ಎಳೆದಿದೆ ಎಂದು ನೋಡಿ ದೂರ ತಿಳಿಯಬಹುದು, ದೂರ ಹೆಚ್ಚಿದಷ್ಟೂ ಗೆರೆ ಕೆಂಪಿನ ಕಡೆ ಸರಿಯುತ್ತದೆ. ನಮ್ಮ ಯೋಜನೆ ಸರಳವಾಗಿತ್ತು. ಸೀಳಿನ ನಡುವೆ ಒಂದನೇ ಬಿಂಬ ಇರಲಿ, ಸೀಳನ್ನು ಮೂರನೇ ಬಿಂಬದ ಮೇಲೆ ಹಾಯುವಂತೆ ಓರೆ ಮಾಡಲಿ. ಎರಡರ ಗೆರೆಯೂ ಒಂದೇ ಜಾಗದಲ್ಲಿ ಬಂದರೆ ಎರಡೂ ಒಂದೇ. ಎಷ್ಟು ಓರೆ, ಯಾವ ಕಡೆಗೆ ಓರೆ ಎಂದು ನಾವು ಬರೆದು ಕಳಿಸಬೇಕು. ಉತ್ತರದಿಂದ ಪೂರ್ವದ ಕಡೆಗೆ ಕೋನ ಅಳೆಯುವುದು ನಮ್ಮಲ್ಲಿ ರೂಢಿ.

ಕೋನ ಕಳಿಸಬೇಕಾದ ದಿನ ನನಗೆ ಜ್ವರ. ಮನೆಯಲ್ಲೇ ಇದ್ದೆ. ಮೇಡಂ ಫೋನು ಮಾಡಿ, ಕಣ್ಣಂದಾಜಿನಲ್ಲಿ ಬೇಡ, ಎರಡೂ ಬಿಂಬದ ನಿರ್ದೇಶಾಂಕ ತೆಗೆದುಕೊಂಡು ಲೆಕ್ಕ ಹಾಕು ಎಂದರು. ನಾಲ್ಕು ವರ್ಷದಿಂದ ಬೆಳಗಾದರೆ ನೋಡುತ್ತಿರುವ ಚಿತ್ರ, ಕಣ್ಣು ಕಟ್ಟಿದರೂ ಅಳೆಯುತ್ತೇನೆ ಮೇಡಂ ಎಂದೆ. ಹೀಗೇ ಹೇಳಿದೆ, ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಹೊದಿಕೆ ಹೊದ್ದುಕೊಂಡು ಲ್ಯಾಪ್‌ಟಾಪು ತೆರೆದು, ಕೈಗೆ ಸಿಕ್ಕಿದ ಚಿತ್ರದ ಮೇಲೆ ಒಂದನೆಯದರಿಂದ ಮೂರನೆಯದಕ್ಕೆ ಗೆರೆ ಎಳೆದು, ಕೋನ ಅಳೆದು ಕಳಿಸಿ ಮಲಗಿಬಿಟ್ಟೆ.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಬೆಳಗಿನ ಹತ್ತು ಗಂಟೆ, ಮೇಡಂ ಕೋಣೆಯಲ್ಲಿ ಇಬ್ಬರೂ ಕೂತು ತೆರೆದೆವು. ಬೂದು ಬಣ್ಣದ ಪಟ್ಟಿಯ ನಡುವೆ ಒಂದನೇ ಬಿಂಬದ ಗೆರೆ ಅಚ್ಚುಕಟ್ಟಾಗಿ, ಎಲ್ಲಿ ಇರಬೇಕೋ ಅಲ್ಲೇ ಹೊಳೆಯುತ್ತಿತ್ತು. ಮೂರನೆಯದು ಇರಬೇಕಾದ ಕಡೆ ಏನೂ ಇರಲಿಲ್ಲ. ಬೆಳಕನ್ನು ಹೆಚ್ಚಿಸಿ ನೋಡಿದೆವು, ತಗ್ಗಿಸಿ ನೋಡಿದೆವು. ಖಾಲಿ ಎಂದರೆ ಖಾಲಿ. ಒಂದನೆಯದು ಸರಿಯಾಗಿ ಸಿಕ್ಕಿದ್ದರಿಂದ ಸೀಳು ಎಲ್ಲೋ ತಪ್ಪಿದೆ ಎಂಬ ಯೋಚನೆಯೇ ಯಾರ ತಲೆಗೂ ಬರಲಿಲ್ಲ. ಚುಕ್ಕೆ ನನ್ನದಲ್ಲ, ಅಷ್ಟೇ.

ಹಿರಿಯರು ಕಾರಿಡಾರಿನಲ್ಲಿ ಸಿಕ್ಕಾಗ ಬೇಸರ ಮಾಡಿಕೊಳ್ಳಬೇಡಿ, ಎರಡು ಬಿಂಬದಲ್ಲೇ ಏನಾಗುತ್ತದೋ ನೋಡಿ ಎಂದರು. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಸಮಾಧಾನ ಹೇಳಿದ್ದು ಹೊಟ್ಟೆಗೆ ಬೆಂಕಿ ಹಾಕಿದಂತಾಯಿತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಹೊಸಕೋಟೆ ಬರುವ ತನಕ ಅತ್ತೆ. ಆಮೇಲೆ ಎರಡು ತಿಂಗಳು ನನ್ನ ಲೆಕ್ಕದಲ್ಲಿ ತಪ್ಪು ಹುಡುಕಿದೆ. ಭಾರವನ್ನು ಆ ಕಡೆ ಸರಿಸಿ, ಈ ಕಡೆ ಸರಿಸಿ, ಮೂರನೇ ಬಿಂಬ ಬೇರೆ ಕಡೆ ಹೋಗುತ್ತದೇನೋ ಎಂದು ನೋಡಿದೆ. ಹಾಳಾದ್ದು, ಏನೇ ಮಾಡಿದರೂ ಬಂದು ಅದೇ ಚುಕ್ಕೆಯ ಮೇಲೆ ಕೂರುತ್ತಿತ್ತು. ಮನೆಯಲ್ಲಿ ಯಾರು ಮಾತಾಡಿಸಿದರೂ ಹರಿಹಾಯುತ್ತಿದ್ದೆ. ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಅಮ್ಮನ ಮೇಲೆ ರೇಗಿ, ರುಚಿ ನೋಡಿದರೆ ಉಪ್ಪೇ ಹಾಕಿರಲಿಲ್ಲ.

ಒಂದು ಭಾನುವಾರ ಮಾಲೂರು ಕಡೆಯ ದೊಡ್ಡಮ್ಮನ ಗಂಡ ಗೃಹಪ್ರವೇಶದ ಪತ್ರಿಕೆ ಕೊಡಲು ಬಂದರು. ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ, ಏನನ್ನು ಕಂಡರೂ ಇದೇನು ಎಂದು ಕೇಳುವ ಮನುಷ್ಯ. ಗೋಡೆಯ ಚಿತ್ರ ಕಂಡು ಕೇಳಿಯೇಬಿಟ್ಟರು. ನಾನು ಒಳಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ತಲೆ ಹಿಡಿದುಕೊಂಡು ಕೂತಿದ್ದೆ. ಅಪ್ಪ ಗಂಟಲು ಸರಿಮಾಡಿಕೊಂಡು ಶುರು ಹಚ್ಚಿಕೊಂಡರು. ನಮ್ಮ ಹುಡುಗಿ ಕಂಡುಹಿಡಿದ ಗ್ಯಾಲಕ್ಸಿ ಇದು ಎಂದು ಹೇಳಿ, ಕ್ರಯಪತ್ರ ಓದುವ ಅದೇ ರಾಗದಲ್ಲಿ ಅದಕ್ಕೊಂದು ಚೆಕ್ಕುಬಂದಿಯನ್ನೇ ಕಟ್ಟಿ ಹೇಳತೊಡಗಿದರು. ದಕ್ಷಿಣಕ್ಕೆ ಎರಡನೆಯದು. ಪಶ್ಚಿಮಕ್ಕೆ ಬರೀ ಕತ್ತಲೆ, ಖರಾಬು ಜಮೀನು. ಮೂರನೆಯದು ಈಶಾನ್ಯ ಮೂಲೆಯಲ್ಲಿ ಬರುತ್ತದೆ, ಈಶಾನ್ಯವಾದ್ದರಿಂದ ಒಳ್ಳೆಯದೇ ಆಗುತ್ತದೆ.

ನನಗೆ ರೇಗಿತು. ಖಾಲಿಯೆಂದು ತೀರ್ಮಾನವಾದ ಚುಕ್ಕೆಗೆ ವಾಸ್ತು ಬೇರೆ. ಅದರ ಮೇಲೆ ದಿಕ್ಕೂ ತಪ್ಪು. ನಾನು ಬರೆದು ಕಳಿಸಿದ್ದು ಉತ್ತರದಿಂದ ಪಶ್ಚಿಮದ ಕಡೆಗೆ ವಾಲುವ ಕೋನ, ಆ ಅಂಕಿ ನನಗೆ ಬಾಯಿಪಾಠವಾಗಿತ್ತು. ಎದ್ದು ಹೊರಗೆ ಬಂದೆ.

"ಈಶಾನ್ಯ ಅಲ್ಲ ಕಣಪ್ಪಾ, ವಾಯವ್ಯ. ಗೊತ್ತಿಲ್ದೆ ಏನೇನೋ ಹೇಳ್ಬೇಡ."

ಬಂದವರ ಮುಂದೆ ಮಗಳು ಹೀಗಂದರೆ ಬೇರೆ ಯಾವ ಮಾತಾಗಿದ್ದರೂ ಅಪ್ಪ ನುಂಗಿಕೊಳ್ಳುತ್ತಿದ್ದರೇನೋ. ದಿಕ್ಕಿನ ವಿಷಯದಲ್ಲಿ ನುಂಗಿಕೊಳ್ಳುವ ಆಸಾಮಿಯಲ್ಲ. ಹೋಗಿ ಚಿತ್ರದ ಬಲ ಅಂಚಿನಲ್ಲಿದ್ದ ತಮ್ಮ ಅಕ್ಷರದ ಮೇಲೆ ಬೆರಳಿಟ್ಟರು.

"ಇಲ್ನೋಡು, ಪೂ ಅಂತ ಬರ್ದಿದೀನಿ. ಬಲಕ್ಕೆ ಪೂರ್ವ ತಂದಿದೀನಿ ಅಂತ ನೀನೇ ತಾನೆ ಹೇಳಿದ್ದು? ಮೇಲೆ ಉತ್ತರ, ಬಲಕ್ಕೆ ಪೂರ್ವ. ಎರಡರ ಮಧ್ಯೆ ಇರೋದು ಈಶಾನ್ಯ ಅಲ್ದೆ ಇನ್ನೇನು?"

ಅವರ ಬೆರಳನ್ನು ನೋಡಿದೆ. ಒಂದನೇ ಸುತ್ತನ್ನು ನೋಡಿದೆ, ಬಲಕ್ಕೆ ಮೇಲಿದ್ದ ಮೂರನೇ ಸುತ್ತನ್ನು ನೋಡಿದೆ. ಒಳಗೆ ಓಡಿ ಲ್ಯಾಪ್‌ಟಾಪಿನಲ್ಲಿ ಕೋನ ಅಳೆದ ಚಿತ್ರ ತೆಗೆದೆ. ಅದರಲ್ಲೂ ಮೂರನೆಯದು ಬಲಕ್ಕೇ ಇತ್ತು. ಮೂಲ ಚಿತ್ರ ತೆಗೆದೆ, ಎಡಕ್ಕಿತ್ತು. ಜ್ವರದ ದಿನ ನಾನು ತೆರೆದದ್ದು ಅಪ್ಪನಿಗಾಗಿ ಮಗುಚಿದ ಚಿತ್ರ. ವರ್ಷಗಟ್ಟಲೆ ಅದರ ಎದುರೇ ಕೂತು ಮುದ್ದೆ ಉಂಡಿದ್ದರಿಂದ ಅದೂ ನನ್ನ ಕಣ್ಣಿಗೆ ಹೊಸದೆನಿಸಿರಲಿಲ್ಲ. ಚುಕ್ಕೆ ಬಲಕ್ಕಿದೆ, ನಮ್ಮ ಚಿತ್ರಗಳಲ್ಲಿ ಬಲವೆಂದರೆ ಪಶ್ಚಿಮ ಎಂದು ರೂಢಿಬಿದ್ದ ಕೈ ಬರೆದುಬಿಟ್ಟಿತ್ತು. ಅಲ್ಲಿನವರು ಪಾಪ, ನಾನು ಹೇಳಿದಂತೆ ಸೀಳನ್ನು ಪಶ್ಚಿಮಕ್ಕೆ ಓರೆ ಮಾಡಿ ಎರಡು ಗಂಟೆ ಕತ್ತಲೆಯನ್ನು ನೋಡಿದ್ದರು.

ನಾನು ನೆಲದ ಮೇಲೆ ಕೂತು ನಕ್ಕೆ. ಅಮ್ಮ ಹೆದರಿದಳು. ದೊಡ್ಡಪ್ಪ ತೆಲುಗಿನಲ್ಲಿ ಏನೋ ಕೇಳಿದರು. ಚುಕ್ಕೆ ಖಾಲಿಯಲ್ಲ, ಯಾರೂ ಅದನ್ನು ಇನ್ನೂ ನೋಡಿಯೇ ಇಲ್ಲ ಎನ್ನುವುದು ತಲೆಗೆ ಹತ್ತಿದ್ದೇ ತಡ, ಎರಡು ತಿಂಗಳಿನಿಂದ ಎದೆಯ ಮೇಲಿದ್ದ ಚಪ್ಪಡಿ ಸರಿದಂತಾಯಿತು. ನಗು ನಿಂತ ಮೇಲೆ ನಾಚಿಕೆ ಶುರುವಾಯಿತು. ದಿಕ್ಕು ತಪ್ಪಿದ್ದೆ. ಆ ಅಪ್ಪನ ಮಗಳಾಗಿ.

ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ನಿಂತೇ ಹೋಗುವಾಗ ತಲೆಯೊಳಗೆ ಇನ್ನೊಂದು ದಾರಿಯೂ ತೆರೆಯಿತು, ಮುಚ್ಚಿಡುವುದಿಲ್ಲ. ಅಂದು ಆಕಾಶ ಸರಿಯಿರಲಿಲ್ಲ, ತೆಳು ಮೋಡವಿತ್ತೆಂದು ಕಾಣುತ್ತದೆ, ದಯವಿಟ್ಟು ಇನ್ನೊಮ್ಮೆ ನೋಡಿ ಎಂದು ಬರೆದರೆ ಯಾರು ಕೇಳುತ್ತಾರೆ? ತಪ್ಪು ನನ್ನದೆಂದು ಒಪ್ಪಿಕೊಂಡರೆ ಎಡಬಲ ಗೊತ್ತಿಲ್ಲದ ಖಗೋಳ ವಿಜ್ಞಾನಿ ಎಂದು ಜನ್ಮಪೂರ್ತಿ ಆಡಿಕೊಳ್ಳುತ್ತಾರೆ. ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ಮೋಡದ ವಾಕ್ಯವನ್ನು ತಿದ್ದಿ ತಿದ್ದಿ ಚೆಂದ ಮಾಡಿದೆ.

ಮೇಡಂ ಕೋಣೆಗೆ ಹೋಗಿ ಕೂತ ಮೇಲೆ ಆ ವಾಕ್ಯ ಬಾಯಿಗೆ ಬರಲಿಲ್ಲ. ಎರಡು ಚಿತ್ರವನ್ನೂ ಪಕ್ಕಪಕ್ಕ ಇಟ್ಟು, ಚಾಪೆಯ ಕಥೆಯಿಂದ ಹಿಡಿದು ಪೂ ಅಕ್ಷರದ ತನಕ ಎಲ್ಲ ಹೇಳಿದೆ. ಅವರು ನಗಲಿಲ್ಲ, ಬಯ್ಯಲಿಲ್ಲ. ನಾನು ಲೆಕ್ಕ ಹಾಕು ಅಂದಿದ್ದೆನಲ್ಲ ಎಂದು ಒಂದು ಮಾತು ಅಂದಿದ್ದರೆ ಹಗುರಾಗುತ್ತಿತ್ತು, ಅದನ್ನೂ ಅನ್ನಲಿಲ್ಲ. ಕಾಫಿ ತರಿಸಿದರು. ಕುಡಿದು ಮುಗಿಸಿದ ಮೇಲೆ, ಅರ್ಜಿಯಲ್ಲಿ ಕಾರಣ ಏನೆಂದು ಬರೆಯುತ್ತೀಯೋ ನೀನೇ ನೋಡು, ನಿನ್ನ ಹೆಸರಿನಲ್ಲೇ ಹೋಗುತ್ತದೆ ಎಂದರು. ಅಲ್ಲೇ ಕೂತು ಬರೆದೆ. ಮೊದಲ ಸಲ ಕೋನವನ್ನು ನಾನು ಮಗುಚಿದ ಚಿತ್ರದ ಮೇಲೆ ಅಳೆದೆ, ತಪ್ಪು ಪೂರ್ತಿ ನನ್ನದು, ಮೂರನೇ ಬಿಂಬವನ್ನು ಇದುವರೆಗೆ ಯಾರೂ ನೋಡಿಲ್ಲ, ಇನ್ನೊಂದು ಅವಕಾಶ ಕೊಡಿ. ಅಷ್ಟೇ ಇತ್ತು.

ಆ ಅರ್ಜಿಗೆ ನಮ್ಮ ಕಮಿಟಿಯ ಒಪ್ಪಿಗೆಯೂ ಬೇಕಿತ್ತು. ಹಿರಿಯರು ಓದಿ, ಕಾಗದ ಕೆಳಗಿಟ್ಟು, ಕೊಡೋಣ, ಆದರೆ ಈ ಸಲ ಕೋನವನ್ನು ಬೇರೆ ಯಾರಾದರೂ ಅಳೆಯಲಿ ಎಂದರು. ಎಲ್ಲರೂ ತಲೆಯಾಡಿಸಿದರು. ನನ್ನ ಕಿವಿ ಕೆಂಪಾಯಿತು. ಅದು ನ್ಯಾಯವೇ ಆಗಿತ್ತು. ಆದರೂ ನನ್ನ ಮಗುವಿಗೆ ಇನ್ಯಾರೋ ಹೆಸರಿಟ್ಟ ಹಾಗೆ ಅನಿಸಿತು. ಹೊರಗೆ ಬಂದ ಮೇಲೆ ಮೇಡಂ ಅವರನ್ನು ಕೇಳಿದೆ, ನೀವೇ ಅಳೆಯುತ್ತೀರಾ ಎಂದು. ಅವರು ನಡೆಯುತ್ತಿದ್ದವರು ನಿಂತರು.

"ನೀನೇ ಅಳಿ. ಬೇರೆಯವರಿಗೆ ಅಳೆಯೋಕೆ ಬರಲ್ಲ ಅಂತಲ್ಲ. ನಿನಗೆ ಮತ್ತೆ ತಪ್ಪೋಕೆ ಆಗಲ್ಲ, ಅದಕ್ಕೆ. ಕಮಿಟಿ ಕೇಳಿದ್ರೆ ನಾನು ಹೇಳ್ಕೋತೀನಿ."

ಅವರು ತಮ್ಮ ಹೆಸರನ್ನು ಅಡವಿಟ್ಟು ಆಡಿದ ಮಾತು ಅದು. ಮತ್ತೆ ತಪ್ಪಾಗಿದ್ದರೆ ನನ್ನ ಥೀಸಿಸ್ಸಿನ ಜೊತೆ ಅವರ ಮಾನವೂ ಹೋಗುತ್ತಿತ್ತು. ಈ ಸಲ ನಿರ್ದೇಶಾಂಕ ತೆಗೆದುಕೊಂಡು ಲೆಕ್ಕ ಹಾಕಿದೆ. ಕಂಪ್ಯೂಟರಿನಲ್ಲಿ ಒಮ್ಮೆ, ಕಾಗದದ ಮೇಲೆ ಒಮ್ಮೆ. ಆಮೇಲೆ ಸಂಸ್ಥೆಯ ಟೆರೇಸಿಗೆ ಹೋಗಿ, ಮಟಮಟ ಮಧ್ಯಾಹ್ನ, ನೀರಿನ ಟ್ಯಾಂಕಿನ ನೆರಳಿನಲ್ಲಿ ಉತ್ತರಕ್ಕೆ ತಲೆ ಹಾಕಿ ಅಂಗಾತ ಮಲಗಿ, ಆ ಬೋಳು ನೀಲಿ ಆಕಾಶಕ್ಕೆ ಬೆರಳು ತೋರಿಸಿಕೊಂಡು, ಇದು ಉತ್ತರ, ಇದು ಪೂರ್ವ, ಸೀಳು ಹೀಗೆ ಎಂದು ಬಾಯಿಬಿಟ್ಟು ಹೇಳಿ ನೋಡಿದೆ. ಕಾವಲಿನವರು ಇಣುಕಿ ನೋಡಿ ಹಾಗೇ ಇಳಿದುಹೋದರು. ಮನೆಯಲ್ಲಿ ಇದನ್ನು ಇವತ್ತಿನವರೆಗೂ ಹೇಳಿಲ್ಲ.

ಕಾಯುವ ದಿನಗಳು ಹೇಗೆ ಕಳೆದವೆಂದು ಕೇಳಬೇಡಿ. ಹೊಲದಲ್ಲಿ ರಾಗಿ ಕಟಾವು ನಡೆಯುತ್ತಿತ್ತು, ನಾನೂ ಕುಡುಗೋಲು ಹಿಡಿದೆ. ಒಂದು ಗುರುವಾರ ಅಪ್ಪ, ಅಮ್ಮ, ನಾನು ಕಟ್ಟು ಕಟ್ಟುತ್ತಿದ್ದಾಗ ಮೇಡಂ ಫೋನು ಬಂತು. ಫಲಿತಾಂಶ ಬಂದಿದೆ, ನಾನು ತೆರೆದಿಲ್ಲ, ನೀನು ಬಾ ಎಂದರು. ಬಟ್ಟೆ ಬದಲಿಸುವ ವ್ಯವಧಾನ ಎಲ್ಲಿಂದ ಬರಬೇಕು? ರಾಗಿ ಹುಲ್ಲಿನ ಚೂರು ತಲೆಯಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದೆ.

ಮೇಡಂ ಕುರ್ಚಿ ಬಿಟ್ಟುಕೊಟ್ಟರು. ತೆರೆದೆ. ಬೂದು ಪಟ್ಟಿ, ನಡುವೆ ಒಂದನೇ ಬಿಂಬದ ಗೆರೆ, ಮೊದಲಿನಂತೆಯೇ. ನೇರ ಅದರ ಮೇಲಕ್ಕೆ, ಮೂರನೆಯದು ಇರಬೇಕಾದ ಎತ್ತರಕ್ಕೆ ಕಣ್ಣು ಒಯ್ದೆ. ಇತ್ತು. ಚಿಕ್ಕದು, ಮಸುಕು, ಸಾಸಿವೆ ಕಾಳಿನಷ್ಟು. ಒಂದನೆಯದಕ್ಕೂ ಅದಕ್ಕೂ ಪಟ್ಟಿ ಹಿಡಿದು ಗೆರೆ ಎಳೆದರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅದೇ ಬಣ್ಣ, ಅದೇ ದೂರ. ನಾನು ಎರಡು ವರ್ಷ ಕೂತು ಕಾಗದದ ಮೇಲೆ ಇಲ್ಲಿ ಇರಬೇಕು ಎಂದಿದ್ದೆ, ಅದು ಅಲ್ಲಿತ್ತು. ನಮ್ಮ ಭೂಮಿ ಹುಟ್ಟುವ ಮೊದಲೇ ಅಲ್ಲಿಂದ ಹೊರಟ ಬೆಳಕು ಮೂರು ದಾರಿ ಹಿಡಿದು ಬಂದು, ಮೂರನೇ ದಾರಿಯಲ್ಲಿ ಬಂದದ್ದು ನನ್ನ ಕಣ್ಣ ಮುಂದೆ ಕೂತಿತ್ತು. ನಾನು ಎದ್ದು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡಿದೆ, ಮತ್ತೆ ಓಡಿಬಂದೆ. ಮೂವತ್ತು ದಾಟಿದ ಹೆಂಗಸು, ಹಳೇ ಚೂಡಿದಾರ, ತಲೆಯಲ್ಲಿ ಹುಲ್ಲು. ಓಡದೆ ಏನು ಮಾಡಲಿ?

ಕಮಿಟಿಯ ಕೊನೆಯ ಸಭೆ ಮುಂದಿನ ವಾರ. ಸಭಾಂಗಣ ತುಂಬಿತ್ತು, ತಪ್ಪು ಕೋನದ ಸುದ್ದಿ ಅಷ್ಟರಲ್ಲಿ ಎಲ್ಲ ಕಡೆ ಹರಡಿತ್ತಲ್ಲ. ಖಾಲಿ ಪಟ್ಟಿಯನ್ನೇ ಮೊದಲು ತೋರಿಸಿ, ಇದು ನನ್ನ ತಪ್ಪು ಎಂದು ಹೇಳಿ, ಆಮೇಲೆ ಎರಡನೇ ಪಟ್ಟಿ ಹಾಕಿದೆ. ಹಿಗ್ಗಿಸಿದ ಪ್ರಮಾಣ, ಭಾರ, ನಕ್ಷತ್ರಗಳು ಹುಟ್ಟುವ ವೇಗ, ಒಂದೊಂದಾಗಿ ಹೇಳಿ ಮುಗಿಸಿ ನಿಂತೆ. ಹಿರಿಯರು ಮುಂದಿನ ಸಾಲಿನಲ್ಲಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಪರದೆಯ ಮೇಲಿನ ಸಾಸಿವೆ ಕಾಳನ್ನು ಬಹಳ ಹೊತ್ತು ನೋಡಿದರು. ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು.

"ಈ ಸಲ ಕೋನ ಅಳೆದೋರು ಯಾರಮ್ಮಾ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಡಂ ಏನೋ ಹೇಳಲು ಎದ್ದರು. ನಾನು ಅವರಿಗಿಂತ ಮೊದಲು ಹೇಳಿದೆ.

"ನಾನೇ ಸಾರ್."

ನಗು ನಿಂತಿತು. ಅವರು ಮೇಡಂ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು. ತಮ್ಮ ಮಾತನ್ನು ಮೀರಿದ್ದೇವೆಂದು ಅವರಿಗೆ ತಿಳಿಯಿತು, ತಿಳಿದದ್ದು ಮುಖದಲ್ಲಿ ಕಂಡಿತು. ಆಮೇಲೆ ಅವರು ಪಕ್ಕಕ್ಕೆ ತಿರುಗಿ, ಸಭೆಯ ನಡಾವಳಿ ಬರೆದುಕೊಳ್ಳುತ್ತಿದ್ದವರಿಗೆ, ಎಲ್ಲರಿಗೂ ಕೇಳುವಂತೆ ಹೇಳಿದರು.

"ಮೂರೂ ಒಂದೇ ಅಂತ ಬರ್ಕೊಳ್ಳಿ."